ಹೇಳಬಾರದ ಔಷಧ

ರಕ್ತ ಕೊಡಲು ಅಂಗಿಯ ತೋಳು ಮಡಚುತ್ತಿದ್ದ ಸಿರಿಗೇರಿಯ ಹುಸೇನಪ್ಪನವರ ಕಿಸೆಯಿಂದ ಸೊಪ್ಪಿನ ಪುಡಿಯ ಪೊಟ್ಟಣವೊಂದು ಜಾರಿ ನನ್ನ ಮೇಜಿಗೆ ಬಿತ್ತು. ಬಳ್ಳಾರಿಯಲ್ಲಿ ಲಿವರ್ ಉರಿಯೂತದ ಸಂಶೋಧನೆಯೊಂದಕ್ಕೆ ರೋಗಿಗಳ ರಕ್ತ ತೆಗೆದು, ವಿವರ ಬರೆದುಕೊಳ್ಳುವುದು ನನ್ನ ಕೆಲಸ. ಗುಳಿಗೆ ನುಂಗಿದರೂ ಇವರ ಉರಿಯೂತ ಏಕೆ ಏರುತ್ತಿದೆಯೆಂದು ಡಾಕ್ಟರಿಗೂ ತಿಳಿದಿರಲಿಲ್ಲ.

“ಬ್ಯಾರೆ ಔಷಧ ತಗೊಂತೀರೇನಂತ ಪ್ರತಿ ಸಲ ಕೇಳೀನಲ್ರಿ,” ಎಂದೆ.

ಜೊತೆಗೆ ಬಂದಿದ್ದ ಅವರ ಹೆಂಡತಿ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. “ಕಾಮಣಿ ಔಷಧರಿ ಅದು, ಕಣ್ಣು ಹಳದಿ ಆಗೋದಕ್ಕ. ಯಾರಿಗಾರ ಹೇಳಿದ್ರ ನಾಟಂಗಿಲ್ಲ ಅಂದಾರ್ರಿ ಕೊಟ್ಟೋರು. ಅದಕ್ಕ ಇಲ್ಲ ಅಂದ್ವಿ.”

ಅವರು ಹೋದ ಮೇಲೆ ಉಳಿದ ರೋಗಿಗಳ ಹಾಳೆಗಳನ್ನೂ ತೆಗೆದು ನೋಡಿದೆ. ‘ಬೇರೆ ಔಷಧ’ ಎಂಬಲ್ಲಿ ಎಲ್ಲದರಲ್ಲೂ ನನ್ನದೇ ಕೈಬರಹದ ‘ಇಲ್ಲ’. ಚಿಕ್ಕವಳಿದ್ದಾಗ ಕುರುಗೋಡಿನಲ್ಲಿ ನನಗೂ ಅವ್ವ ಅಂಥದೇ ಪುಡಿ ಕುಡಿಸಿ, ಯಾರಿಗೂ ಹೇಳಬೇಡ ಎಂದಿದ್ದಳು. ಇವತ್ತಿನವರೆಗೆ ನಾನೂ ಹೇಳಿರಲಿಲ್ಲ.