ಯಾದಗಿರಿ ಸ್ಟೇಷನ್ನಿನಲ್ಲಿ ದಿಲ್ಲಿ ಪಾಠ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡುತ್ತ ಬಂದೆ. ಇಂದು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ತಡ. ಪಕ್ಕದಲ್ಲಿ ದಿಲ್ಲಿ ಪ್ರವಾಸಕ್ಕೆ ಹೊರಟ ಶಾಲೆಯ ಮಕ್ಕಳು. ಟೀಚರಮ್ಮ ಕೆಂಪುಕೋಟೆ, ಕುತುಬ್ ಮಿನಾರಿನ ಚಿತ್ರ ತೋರಿಸಿ ಅವುಗಳ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದರು. ಒಬ್ಬ ಹುಡುಗಿ ನನ್ನತ್ತ ತಿರುಗಿದಳು.

“ಅಜ್ಜಾ, ನೀವು ದಿಲ್ಲಿ ನೋಡೀರೇನ್ರಿ?”

“ನೋಡೀನವ್ವಾ, ನಿನ್ನಷ್ಟಿದ್ದಾಗ.”

ನಮ್ಮ ಶಾಲೆಯಲ್ಲೂ ಇದೇ ಪಾಠವಿತ್ತು. ಚೆನ್ನಾಗಿ ಒಪ್ಪಿಸಿದ ಒಬ್ಬರನ್ನು ದಿಲ್ಲಿಗೆ ಕಳಿಸುವುದಿತ್ತು. ದಸರೆ ರಜೆಯಲ್ಲಿ, ಆಯ್ಕೆಯಾದ ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸಲು ಮಾಸ್ತರರು ನನ್ನನ್ನು ಕಳಿಸಿದರು. ನಾನು ಹೋಗಲೇ ಇಲ್ಲ. ಮರಳಿ ಬಂದವನಂತೆ ಹೇಳಿದೆ: “ಅವರ ಹೊಲಕ್ಕ ಕಾಲುವಿ ನೀರಿನ ಪಾಳಿ ಬಂದದರಿ. ಆಕಿ ಬರೂದಿಲ್ಲಂತ್ರಿ.”

ಆಗ ಕಾಲುವೆ ಹೊಸತು. ನೀರಿನ ಪಾಳಿ ಬಿಟ್ಟು ಯಾರೂ ಮದುವೆಗೂ ಹೋಗುತ್ತಿರಲಿಲ್ಲ. ಮಾಸ್ತರರು ಮರುಮಾತಿಲ್ಲದೆ ನಂಬಿದರು. ಎರಡನೆಯವನಾಗಿದ್ದ ನಾನು ದಿಲ್ಲಿಗೆ ಹೋದೆ. ಇಂದಿಗೂ ಆಕೆಯ ಕ್ಷಮೆ ಕೇಳಿಲ್ಲ.

“ನೋಡೀರಂದ್ರ, ಇದರ ಬಗ್ಗೆ ಇಂಗ್ಲಿಷ್‌ನಾಗ ಹೇಳ್ರಿ ನೋಡೂಣು,” ಎಂದು ಹುಡುಗಿ ಕುತುಬ್ ಮಿನಾರಿನ ಚಿತ್ರವನ್ನು ನನ್ನ ಮುಂದೆ ಹಿಡಿದಳು.

“ಏ, ಅಜ್ಜಾರಿಗೇ ಪರೀಕ್ಷಾ ಇಡಾಕತ್ತೀಯೇನ?” ಟೀಚರಮ್ಮ ನಕ್ಕರು.

“ನನಗ ಬರೂದಿಲ್ಲವ್ವಾ,” ಎಂದೆ. “ಅವತ್ತು ಹೋಗಬೇಕಾಗಿದ್ದಾಕಿ ಬ್ಯಾರೆ ಇದ್ದಳು. ಕೆಂಭಾವಿ ನೀಲಮ್ಮ.”