ನೂಲು ಬಿಟ್ಟ ಕಬ್ಬಿನ ಹಾಲು

ಮೊನ್ನೆ ಕಿತ್ತೂರಿನಿಂದ ಬರುವಾಗ ಹೆದ್ದಾರಿಯ ಪಕ್ಕದಲ್ಲಿ ಒಂದು ಬಾಟಲಿ ಕಬ್ಬಿನ ಹಾಲು ತುಂಬಿಸಿಕೊಂಡೆ. ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲು ಅಂತಲೇ ಹೆಸರು. ಮನೆಗೆ ಬಂದವಳು ಅದನ್ನು ಚೀಲದಲ್ಲೇ ಮರೆತೆ. ಅರವತ್ತು ದಾಟಿದವರ ಮರೆವಿಗೆ ಕಾರಣ ಕೇಳಬಾರದು ನೋಡಿ. ನಿನ್ನೆ ಮುಚ್ಚಳ ತೆಗೆದರೆ ಹುಳಿ ವಾಸನೆ. ಲೋಟಕ್ಕೆ ಸುರಿದು ಬೆರಳು ಅದ್ದಿ ಎತ್ತಿದೆ. ಹನಿ ಬೀಳಲಿಲ್ಲ, ನೂಲಿನಂತೆ ಎಳೆ ಬಂತು. ಸುರೇಬಾನದ ನನ್ನ ಸೋದರಮಾವನ ಗಾಣ, ಅಂದರೆ ಆಲೆಮನೆ, ನೆನಪಾಯಿತು.

ಅಲ್ಲಿ ಬೆಲ್ಲ ಮಾಡುತ್ತಿದ್ದವರು ಇಮಾಮಸಾಬ ಕಾಕಾ. ಅವರು ಹಾಲು ಕಾಯಿಸುವ ಕೊಪ್ಪರಿಗೆಯ ಮುಂದೆ ನಿಂತರೆ ಮಾವನೂ ಅವರ ಮಾತು ಮೀರುತ್ತಿರಲಿಲ್ಲ. ಗಾಣಕ್ಕೆ ಬಂದವರಿಗೆಲ್ಲ ಹಾಲು ಕುಡಿಸುವುದು ರೂಢಿ. ಆ ನೆಪದಲ್ಲಿ ಊರ ಮಂದಿ ದಿನವಿಡೀ ಗಾಣದ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಬೆಲ್ಲ ಗಟ್ಟಿಯಾಗಿ ಚೆನ್ನಾಗಿ ಕೂತರೆ ಇಮಾಮಸಾಬರ ಕೈಗುಣ ಎನ್ನುತ್ತಿದ್ದವರೂ ಅವರೇ.

ನಾನಾಗ ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಕೊಡೆ ಎಂದರೆ ಹಾಲಿನ ಸಿಹಿ ಅಳೆಯುವ ಒಂದು ಗಾಜಿನ ಮಾಪಕ.

ಆ ಸಲ ಗಾಣದ ಎಂಜಿನ್ ಕೆಟ್ಟು, ಕಡಿದ ಕಬ್ಬು ಮೂರು ದಿನ ಬಿಸಿಲಿಗೆ ಬಿದ್ದಿತ್ತು. ನಾಲ್ಕನೆಯ ದಿನ ಅರೆದ ಹಾಲನ್ನು ಕಾಕಾ ಎರಡು ಬೆರಳ ನಡುವೆ ಹಿಡಿದು, ಬಿಡಿಸಿ ನೋಡಿದರು.

"ನೂಲ ಬರಾಕ ಹತ್ತೈತ್ರಿ ಗೌಡ್ರ. ಈ ಹಾಲು ಬೆಲ್ಲಕ್ಕ ಬರೂದಿಲ್ಲ, ಚೆಲ್ರಿ," ಎಂದರು ಮಾವನಿಗೆ.

ನಾನು ಮಾಪಕ ಮುಳುಗಿಸಿದೆ. ಅಂಕಿ ಎಂದಿನಷ್ಟೇ ಇತ್ತು.

"ಸಕ್ಕರಿ ಎಲ್ಲಾ ಐತಿ ಮಾಮಾ. ಕಾಕಾರದು ಬರೇ ಸಂಶೆ. ಕೊಪ್ಪರಿಗಿಗೆ ಹಾಕಸ್ರಿ."

ಕಾಕಾ ನನ್ನನ್ನೊಮ್ಮೆ ನೋಡಿದರು. "ಆತು ತಂಗಿ, ಓದಿದಾಕಿ ನೀ," ಎಂದು ಒಲೆ ಹೊತ್ತಿಸಿದರು.

ಬೆಲ್ಲ ಕೂರಲಿಲ್ಲ. ಎಷ್ಟು ಕಾಯಿಸಿದರೂ ಅದೇ ಅಂಟಂಟು ಕಪ್ಪು ಪಾಕ. ಕಟ್ಟೆಯ ಮೇಲಿದ್ದವರು, "ಇಮಾಮಸಾಬನ ಕೈಗುಣ ಹೋತು ಬಿಡ್ರಿ," ಎಂದರು. ನಾನು ಅಲ್ಲೇ ಇದ್ದೆ. ಹಾಲು ಹಾಕಿಸಿದ್ದು ನಾನೆಂದು ಹೇಳದೆ, ತಲೆ ತಗ್ಗಿಸಿ ಮಾಪಕ ತೊಳೆಯುತ್ತಿದ್ದೆ. ಮರುವರ್ಷ ಯಾವ ಗಾಣದವರೂ ಅವರನ್ನು ಕರೆಯಲಿಲ್ಲ. ಕಾಕಾ ಮಗಳ ಊರು ಕಟಕೋಳಕ್ಕೆ ಹೋಗಿಬಿಟ್ಟರು.

ಆಗಿದ್ದಿಷ್ಟು. ಕಡಿದ ಕಬ್ಬಿನ ತುದಿಯಿಂದ ಒಳಹೊಕ್ಕ ಬ್ಯಾಕ್ಟೀರಿಯಾ ಸಕ್ಕರೆಯನ್ನು ಎರಡು ತುಂಡು ಮಾಡುತ್ತವೆ. ಒಂದನ್ನು ಒಳಗೆಳೆದುಕೊಂಡು ಶಕ್ತಿ ಪಡೆದು, ಬೆಳೆದು, ಒಂದು ಎರಡಾಗಿ, ಹುಳಿಯನ್ನು ಹೊರಗೆ ಬಿಡುತ್ತವೆ. ಇನ್ನೊಂದನ್ನು ಹೊರಗೇ ಸರಪಳಿಯಂತೆ ಜೋಡಿಸಿ ಲೋಳೆ ಮಾಡುತ್ತವೆ. ಕಾಕಾ ಕಂಡ ನೂಲು ಆ ಲೋಳೆಯೇ, ಬೆಲ್ಲ ಕೂರಲು ಬಿಡದ್ದೂ ಅದೇ. ನನ್ನ ಮಾಪಕಕ್ಕೆ ಹಾಲು ಎಷ್ಟು ಗಟ್ಟಿ ಎಂಬುದಷ್ಟೇ ಗೊತ್ತು. ಸಕ್ಕರೆಯೋ ಲೋಳೆಯೋ ಅದಕ್ಕೆ ತಿಳಿಯದು. ಇದನ್ನೇ ರಾಮದುರ್ಗದ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಒಮ್ಮೆಯೂ ಕಾಕಾರ ಹೆಸರು ಎತ್ತಲಿಲ್ಲ. ನೆನೆದರೆ ನಾಚಿಕೆಯಾಗುತ್ತದೆ.

ಇವತ್ತು ಬೆಳಿಗ್ಗೆ ಆ ಬಾಟಲಿ ಹಿಡಿದು ಕಟಕೋಳಕ್ಕೆ ಹೋದೆ. ಎಂಬತ್ತು ದಾಟಿದ ಕಾಕಾ ಹೊರಸಿನ ಮೇಲೆ ಕೂತಿದ್ದರು. ಎಲ್ಲವನ್ನೂ ಹೇಳಿದೆ. "ತಪ್ಪು ನಂದು ಕಾಕಾ, ನಿಮ್ಮ ಕೈಗುಣದ್ದಲ್ಲ," ಎಂದೆ. ಅವರು ಅಂಗೈಗೆ ಒಂದಿಷ್ಟು ಹಾಲು ಸುರಿಸಿಕೊಂಡು, ನೂಲು ಎಳೆದು ನೋಡಿ, ಕೈ ಒರೆಸಿಕೊಂಡರು.

"ನನಗ್ಯಾಕ ಹೇಳ್ತಿ ತಂಗಿ? ನನಗ ಅವತ್ತ ಗೊತ್ತಿತ್ತು. ಸುರೇಬಾನದಾಗ ಹೇಳು, ಹೋಗು."

ಆದರೂ ಚಹಾ ಕುಡಿಸಿಯೇ ಕಳಿಸಿದರು.

ಈಗ ಸುರೇಬಾನದ ಬಸ್ಸಿನಲ್ಲಿದ್ದೇನೆ. ಮಾವ ಇಲ್ಲ, ಗಾಣವೂ ಇಲ್ಲ. ಅಂದು ಕಟ್ಟೆಯ ಮೇಲಿದ್ದವರಲ್ಲಿ ಯಾರು ಉಳಿದಿದ್ದಾರೆಂದು ಬೆರಳು ಮಡಚಿ ಎಣಿಸುತ್ತಿದ್ದೇನೆ. ಇಬ್ಬರಿದ್ದಾರೆ. ಅವರಲ್ಲಿ ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಅವರಿಗೆ ಕೂಗಿಯೇ ಹೇಳಬೇಕು, ದಾರಿಯಲ್ಲಿ ಹೋಗುವವರಿಗೂ ಕೇಳುವಂತೆ.