ತೂಬಿಗೆ ಸಂದ ಶಾಲು

ದೊಡ್ಡಬೆಳವಂಗಲದ ಹತ್ತಿರದ ನಮ್ಮ ಶಾಲೆಯಲ್ಲಿ ಅಂದು ಕೆರೆ ಕಾಯುವ ನೀರುಗಂಟಿ ಮುನಿಯಪ್ಪನವರಿಗೆ ಸನ್ಮಾನ. ಇಂಗ್ಲಿಷ್ ಮೇಷ್ಟ್ರಾದ ನಾನು, ಅವರ ಹೆಸರಲ್ಲಿ ಶಾಲೆಯ ಗೋಡೆಗೆ ಹಾಕುವ ಫಲಕದ ಮೇಲೆ ‘ಸ್ಟೆಡ್‌ಫಾಸ್ಟ್’ ಎಂದು ಬರೆಸಿದ್ದೆ. ಹಳೆಯ ಇಂಗ್ಲಿಷಿನಲ್ಲಿ ‘ಸ್ಟೆಡ್’ ಅಂದರೆ ಜಾಗ, ‘ಫಾಸ್ಟ್’ ಅಂದರೆ ಅಲುಗದೆ ನಿಂತದ್ದು. ನಿಂತ ಜಾಗ ಬಿಡದವರು ಎಂದು ಭಾಷಣವನ್ನೂ ಸಿದ್ಧಮಾಡಿಕೊಂಡಿದ್ದೆ.

ಅತಿಥಿಗಳು ಬಂದರು, ಮುನಿಯಪ್ಪನವರೇ ಇಲ್ಲ. ಕೈಯಲ್ಲಿದ್ದ ಶಾಲಿನ ಸಮೇತ ಕೆರೆಗೆ ಓಡಿದೆ. ನೀರು ಬಿಡುವ ತೂಬು ಸೋರುತ್ತಿತ್ತು. ಅವರು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಬಿರುಕಿಗೆ ಅಂಗಾಲು ಒತ್ತಿ ಹಿಡಿದಿದ್ದರು.

“ಬನ್ನಿ ಯಜಮಾನ್ರೇ, ಎಲ್ಲರೂ ಕಾಯ್ತಿದ್ದಾರೆ.”

“ಕಾಲು ತೆಗೆದ್ರೆ ಊರಿನ ಬೆಳೆಗಿರೋ ನೀರೆಲ್ಲ ಹೋಯ್ತದೆ ಸಾಮಿ. ಜೇಡಿಮಣ್ಣು ತರಾಕೆ ಹೋಗವ್ರೆ, ಬರ್ಲಿ.”

“ಮತ್ತೆ ಸನ್ಮಾನ?”

“ಅದೇನು ಸೋರಲ್ವಲ್ಲ, ಆಮ್ಯಾಕೆ ಆಯ್ತದೆ.”

ಧ್ರುವನ ಕಥೆಯನ್ನು ದಿನವೂ ಓದಿ ಕೈಮುಗಿಯುವವನು ನಾನು. ಅಂಥವರೊಬ್ಬರನ್ನು ಕಣ್ಣಾರೆ ಕಂಡದ್ದು ಅಂದೇ. ಕೈಗಳು ತಾವಾಗಿಯೇ ಜೋಡಿಕೊಂಡವು.

“ಕೈ ಮುಗ್ದು ನಿಂತ್ರೆ ನೀರು ನಿಲ್ತದಾ ಮೇಷ್ಟ್ರೇ? ಆ ಬಟ್ಟೆ ಕೊಡಿ ಇತ್ಲಾಗೆ!”

ಕೊಟ್ಟೆ. ಸೋರುವುದು ನಿಂತಿತು.

ಫಲಕಕ್ಕೆ ಶಾಲೆಯಲ್ಲಿ ಈಗಾಗಲೇ ಮೂರು ಗೋಡೆ ಬದಲಾಯಿಸಿದ್ದೇವೆ. ಶಾಲು ಮಾತ್ರ, ದೇವರ ದಯೆ, ತುರುಕಿದ ಜಾಗದಲ್ಲೇ ಇದೆಯಂತೆ.